ಅಮೆರಿಕದ ಹಳೇ ಫೈರ್ ಲುಕೌಟ್‌ನಲ್ಲಿ ರಾತ್ರಿ ಉಳಿಯಬಹುದಾ? ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ನೀವು ಸಿಯಾಟಲ್ ಹತ್ತಿರ ಇದ್ದೀರಿ, ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಕಾಳ್ಗಿಚ್ಚು ಕಾಯಲು ಕಟ್ಟಿದ ಹಳೇ ಗೋಪುರದಲ್ಲಿ ಒಂದು ರಾತ್ರಿ ಕಳೆಯಬೇಕು ಅಂತ ಆಸೆ. ನಿಮ್ಮ ಮಟ್ಟಿಗೆ ಹೇಳುವುದಾದರೆ, ಕಣ್ಣು ಮುಚ್ಚಿಕೊಂಡು ಹೋಗಿ. ಅಪ್ಪ ಅಮ್ಮನಿಗೆ ಹಗಲು ಹೊತ್ತಿನಲ್ಲಿ ತೋರಿಸಿಕೊಂಡು ಬನ್ನಿ, ರಾತ್ರಿ ಬೇಡ.

ಕಾರಣ ಟಾಯ್ಲೆಟ್. ನೀವು ಮೇಲೆ, ಅದು ಕೆಳಗೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ತಲೆಗೆ ಟಾರ್ಚ್ ಕಟ್ಟಿಕೊಂಡು, ಕಡಿದಾದ ಮರದ ಮೆಟ್ಟಿಲುಗಳನ್ನೆಲ್ಲ ಇಳಿದು, ಕಾಡಿನ ಅಂಚಿನ ಗುಂಡಿ ಕಕ್ಕಸಿಗೆ ಹೋಗಿ, ಮತ್ತೆ ಅಷ್ಟೂ ಹತ್ತಬೇಕು. ಮಂಡಿನೋವು ಇರುವವರಿಗೆ, ಬಿಪಿ ಮಾತ್ರೆ ತೆಗೆದುಕೊಂಡು ರಾತ್ರಿ ಏಳುವವರಿಗೆ ಇದು ಶಿಕ್ಷೆ. ನೀರು, ಕರೆಂಟ್ ಕೂಡ ಇರುವುದಿಲ್ಲ.

ಇಂಥ ಜಾಗಕ್ಕೂ ಜನ ಯಾಕೆ ಮುಗಿಬೀಳುತ್ತಾರೆ ಅನ್ನೋದು ಒಳಗೆ ಕಾಲಿಟ್ಟರೆ ತಿಳಿಯುತ್ತದೆ. 1930ರ ದಶಕದಲ್ಲಿ ಕಟ್ಟಿದ ಬಹಳಷ್ಟು ಲುಕೌಟ್‌ಗಳ ಕೋಣೆ ಒಂದೇ ಅಳತೆಯದು, 14 ಅಡಿಗೆ 14 ಅಡಿ. ಎಲ್-4 ಅಂತ ಅದಕ್ಕೆ ಹೆಸರು. ಮರದ ತುಂಡುಗಳನ್ನು ಮೊದಲೇ ಅಳತೆಗೆ ಕತ್ತರಿಸಿ, ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗಿ ಬೆಟ್ಟದ ತುದಿಯಲ್ಲಿ ಜೋಡಿಸುತ್ತಿದ್ದರು. ನಾಲ್ಕೂ ಕಡೆ ಕಿಟಕಿ. ಮಂಚ, ಮೇಜು, ಕಪಾಟು ಎಲ್ಲ ಕಿಟಕಿಯ ಅಂಚಿಗಿಂತ ಕೆಳಗೇ ಇರುತ್ತವೆ, ಕಾವಲುಗಾರನ ಕಣ್ಣಿಗೆ ಏನೂ ಅಡ್ಡ ಬರಬಾರದು ಅಂತ. ಕಿಟಕಿಗಳ ಮರದ ಬಾಗಿಲನ್ನು ಬೇಸಿಗೆಯಲ್ಲಿ ಮೇಲಕ್ಕೆತ್ತಿ ಕಂಬ ಕೊಟ್ಟರೆ ಸುತ್ತ ನೆರಳು, ಚಳಿಗಾಲದಲ್ಲಿ ಇಳಿಸಿದರೆ ಹಿಮದಿಂದ ಗಾಜಿಗೆ ರಕ್ಷಣೆ. ಕಾಡುಹಂದಿ ಕಾಯಲು ನಮ್ಮ ಗದ್ದೆಗಳಲ್ಲಿ ಕಟ್ಟುವ ಅಟ್ಟಣೆಗೆ ಗಾಜು ಹಾಕಿಸಿದ ಹಾಗೆ ಇರುತ್ತದೆ ಅಂದುಕೊಳ್ಳಿ.

ಕೋಣೆಯ ನಡುವೆ ಓಸ್ಬೋರ್ನ್ ಫೈರ್ ಫೈಂಡರ್ ಎಂಬ, ಹೊಗೆಯ ದಿಕ್ಕು ಅಳೆಯುವ ಉಪಕರಣ ಇನ್ನೂ ಉಳಿದಿರುವ ಲುಕೌಟ್ ಸಿಕ್ಕರೆ ನಿಮ್ಮ ಅದೃಷ್ಟ. ಒಂದು ಪೀಠದ ಮೇಲೆ ದುಂಡನೆಯ ನಕ್ಷೆ, ಅದರ ಸರಿಮಧ್ಯದಲ್ಲಿ ನೀವು ನಿಂತಿರುವ ಬೆಟ್ಟ. ಸುತ್ತ ಡಿಗ್ರಿ ಕೊರೆದ ಲೋಹದ ಬಳೆ. ಬಳೆಯ ಒಂದು ಕಡೆ ಇಣುಕಲು ಸಣ್ಣ ಸೀಳು, ಎದುರುಗಡೆ ನೆಟ್ಟಗೆ ಬಿಗಿದ ಕುದುರೆ ಕೂದಲು. ಎಲ್ಲೋ ಹೊಗೆ ಎದ್ದರೆ ಬಳೆ ತಿರುಗಿಸಿ, ಕೂದಲು ಹೊಗೆಯ ಬುಡಕ್ಕೆ ಸರಿಯಾಗಿ ಕೂರುವಂತೆ ಮಾಡಿ, ಡಿಗ್ರಿ ಓದಿ ಫೋನಿನಲ್ಲಿ ಹೇಳುತ್ತಿದ್ದರು. ಇನ್ನೊಂದು ಬೆಟ್ಟದ ಕಾವಲುಗಾರನೂ ಅದೇ ಹೊಗೆಯ ಡಿಗ್ರಿ ಹೇಳುತ್ತಿದ್ದ. ನಕ್ಷೆಯ ಮೇಲೆ ಎರಡು ಗೆರೆ ಎಲ್ಲಿ ಕೂಡಿದವೋ ಅಲ್ಲಿ ಬೆಂಕಿ. ಎಷ್ಟು ಸರಳ ಅಲ್ವಾ? ನಾನಂತೂ ದೂರದ ಮಂಜಿನ ಮೇಲೆಲ್ಲ ಕೂದಲು ಕೂರಿಸುತ್ತಾ ಅರ್ಧ ದಿನ ಕಳೆದೆ.

ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲ್ ಕಂಡರೆ ಅದರ ಕಾಲು ನೋಡಿ. ತುದಿಗೆ ಕರೆಂಟ್ ಕಂಬದ ಮೇಲಿರುವಂಥ ಗಾಜಿನ ಬಟ್ಟಲು ಹಾಕಿರುತ್ತಾರೆ. ಸಿಡಿಲು ಹೊಡೆಯುವಾಗ ಕಾವಲುಗಾರ ಅದರ ಮೇಲೆ ನಿಂತುಕೊಳ್ಳುತ್ತಿದ್ದ. ಮಾಡಿನಿಂದ ನೆಲಕ್ಕೆ ತಾಮ್ರದ ತಂತಿ ಇಳಿಸಿರುತ್ತಾರೆ, ನಿಜ. ಆದರೂ ಗುಡುಗಿನ ಮುನ್ಸೂಚನೆ ಇದ್ದ ದಿನ ಸುಮ್ನೆ ಧೈರ್ಯ ಮಾಡಬೇಡಿ.

ಈ ಕಾವಲಿನ ಹಿಂದೆ ಒಂದು ದೊಡ್ಡ ಅನಾಹುತ ಇದೆ. 1910ರ ಆಗಸ್ಟ್ 20 ಮತ್ತು 21ರಂದು ಐಡಹೊ, ಮೊಂಟಾನಾ, ವಾಷಿಂಗ್ಟನ್‌ಗಳಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ಕನಿಷ್ಠ 85 ಜನ ಸತ್ತರು, ಹೆಚ್ಚಿನವರು ಬೆಂಕಿ ಆರಿಸಲು ಹೋದವರು. ಅಲ್ಲಿನ ಅರಣ್ಯ ಇಲಾಖೆ, ಅಂದರೆ ಫಾರೆಸ್ಟ್ ಸರ್ವಿಸ್, ಶುರುವಾಗಿ ಆಗ ಐದೇ ವರ್ಷ. ಬೆಂಕಿಯನ್ನು ಸಣ್ಣದಿರುವಾಗಲೇ ಹಿಡಿಯಬೇಕು ಅನ್ನುವ ಹಟ ಆಮೇಲೆ ಹುಟ್ಟಿತು. 1913ರಲ್ಲಿ ಹ್ಯಾಲಿ ಡ್ಯಾಗೆಟ್ ಎಂಬಾಕೆ ಕ್ಯಾಲಿಫೋರ್ನಿಯಾದಲ್ಲಿ ಫಾರೆಸ್ಟ್ ಸರ್ವಿಸ್‌ನ ಲುಕೌಟ್ ಕಾವಲಿಗೆ ಸೇರಿದ ಮೊದಲ ಮಹಿಳೆ. 1933ರಿಂದ ನಿರುದ್ಯೋಗಿ ಹುಡುಗರಿಗೆ ಕೆಲಸ ಕೊಡಲು ಸರ್ಕಾರ ಕಟ್ಟಿದ ಸಿಸಿಸಿ ದಳ ಬೆಟ್ಟ ಬೆಟ್ಟದ ಮೇಲೂ ಲುಕೌಟ್ ಎಬ್ಬಿಸಿತು. ಆಮೇಲೆ ವಿಮಾನ ಬಂತು, ಈಗ ಉಪಗ್ರಹ, ಕ್ಯಾಮೆರಾ. ಎಷ್ಟೋ ಗೋಪುರ ಕೊಳೆತವು, ಎಷ್ಟನ್ನೋ ಇಲಾಖೆಯೇ ಕೆಡವಿತು. ಉಳಿದವುಗಳಲ್ಲಿ ಕೆಲವು ನಮ್ಮಂಥವರಿಗೆ ಬಾಡಿಗೆಗೆ.



ನಿಮಗೆ ನಾನು ಹೇಳುವುದು ಹೇಬ್ರೂಕ್ ಲುಕೌಟ್. ಹೆದ್ದಾರಿ 2ರ ಪಕ್ಕದಲ್ಲೇ, ಇಂಡೆಕ್ಸ್ ಊರಿನ ಹತ್ತಿರ ದಾರಿ ಶುರು. ಹತ್ತುವುದು ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ಏರು ಚೆನ್ನಾಗಿಯೇ ಇದೆ. ಗೋಪುರ 67 ಅಡಿ. ಎದುರಿಗೇ ಮೌಂಟ್ ಇಂಡೆಕ್ಸ್ ಗೋಡೆಯಂತೆ ನಿಂತಿರುತ್ತದೆ. ಮೇಲಿನ ಕೋಣೆ ಬಾಡಿಗೆಯವರಿಗೆ, ಅದರ ಕೆಳಗಿನ ಕಟ್ಟೆಗೆ ಚಾರಣಿಗರು ಯಾರು ಬೇಕಾದರೂ ಬರಬಹುದು. ಅಪ್ಪ ಅಮ್ಮನಿಗೆ ನಡೆದು ಅಭ್ಯಾಸ ಇದ್ದರೆ ಬೆಳಿಗ್ಗೆ ಹೊರಟು, ಅಲ್ಲಿ ಕೂತು ಚಿತ್ರಾನ್ನ ತಿಂದು, ಆರಾಮಾಗಿ ಇಳಿದು ಬನ್ನಿ. ಬಾಡಿಗೆಗೆ ಇರುವವರಿಗೆ ಇದೇ ಒಂದು ಕಿರಿಕಿರಿ ಕೂಡ: ಸಂಜೆ ಆಗುವವರೆಗೂ ಕಾಲಡಿಯಲ್ಲಿ ಮಾತು ಕೇಳಿಸುತ್ತಿರುತ್ತದೆ.

ಬುಕಿಂಗ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ಹೆಚ್ಚಿನವು ಆರು ತಿಂಗಳು ಮುಂಚೆ ತೆರೆಯುತ್ತವೆ. ಬೇಸಿಗೆಯ ಶನಿವಾರಗಳು ನಿಮಿಷಗಳಲ್ಲಿ ಖಾಲಿ, ಆದ್ದರಿಂದ ವಾರದ ನಡುವೆ ರಜೆ ಹಾಕಿ. ಬಾಡಿಗೆ ಸಾಮಾನ್ಯವಾಗಿ ರಾತ್ರಿಗೆ ನೂರು ಡಾಲರ್ ಒಳಗೇ. ಬೀಗದ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ, ಬೆಟ್ಟದ ಮೇಲೆ ಸಿಗ್ನಲ್ ನಂಬಬೇಡಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಹೊರಬೇಕು. ಊಟದ ಸಾಮಾನು ಸ್ಟೀಲ್ ಡಬ್ಬಿಯಲ್ಲಿ ಇರಲಿ, ಇಲಿಗಳು ಪ್ಲಾಸ್ಟಿಕ್ ಕವರನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಣ್ಣಿಗೆ ಕಟ್ಟಲು ಒಂದು ಬಟ್ಟೆ ಇಟ್ಟುಕೊಳ್ಳಿ. ಪರದೆ ಇರುವುದಿಲ್ಲ, ಜುಲೈಯಲ್ಲಿ ಬೆಳಗಿನ ಐದಕ್ಕೆಲ್ಲ ಬೆಳಕು ಮುಖಕ್ಕೇ ಹೊಡೆಯುತ್ತದೆ.

ಆಗಸ್ಟ್ ಕೊನೆಯಲ್ಲಿ ಬುಕ್ ಮಾಡುವುದಾದರೆ ಇನ್ನೊಂದು ಮಾತು. ಸುತ್ತ ಬೆಂಕಿ ಬಿದ್ದರೆ ಇಲಾಖೆಯವರು ದಾರಿಯನ್ನೇ ಮುಚ್ಚಿಬಿಡುತ್ತಾರೆ, ಮುಚ್ಚದಿದ್ದರೂ ಹೊಗೆಯಲ್ಲಿ ಏನೂ ಕಾಣುವುದಿಲ್ಲ. ಅಪ್ಪ ಅಮ್ಮ ಜುಲೈಯಲ್ಲೇ ಇಲ್ಲಿರುತ್ತಾರೆ ಅಂದರೆ ಆಗಲೇ ಮುಗಿಸಿ.