ಸೋತ ದಿನ ಯಾರ ಜೊತೆ ಊಟ?

ಅಮೆರಿಕದ ಕನ್ನಡ ಮನೆಗಳಿಂದ ಈ ಪ್ರಶ್ನೆ ನನ್ನ ಹತ್ತಿರ ಬಂದಿದ್ದು ಇದು ಮೂರನೇ ಸಲ. ಮಗ ಬ್ಯಾಸ್ಕೆಟ್‌ಬಾಲ್ ತುಂಬಾ ಚೆನ್ನಾಗಿ ಆಡ್ತಾನೆ, ಹೈಸ್ಕೂಲ್ ಮುಗೀತಿದೆ, ಕಾಲೇಜಿಗೆ ಕಳಿಸೋದಾ, ಸಂಬಳದ ಆಟಕ್ಕಾ? ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗ ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದವನು. ಹದಿನೆಂಟು ವರ್ಷ, ಆರಡಿ ಎಂಟಿಂಚು. ಒಂದು ಕಾಲೇಜು ಸ್ಕಾಲರ್‌ಶಿಪ್ ಕೊಟ್ಟಿತ್ತು. ಯುರೋಪಿನ ಒಂದು ಕ್ಲಬ್ಬು ಎರಡು ವರ್ಷದ ಕರಾರು ಮುಂದಿಟ್ಟಿತ್ತು. ಅಮ್ಮ ಕಾಲೇಜಿನ ಕಡೆ, ಅಪ್ಪ ಕ್ಲಬ್ಬಿನ ಕಡೆ.

ಹೈಸ್ಕೂಲಿನಿಂದ ಸೀದಾ ಎನ್‌ಬಿಎಗೆ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿಗೆ, ಹೋಗುವ ದಾರಿ 2006ರ ಡ್ರಾಫ್ಟ್‌ನಿಂದ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಮುಚ್ಚಿದೆ. ಡ್ರಾಫ್ಟ್ ನಡೆಯುವ ವರ್ಷದೊಳಗೆ 19 ತುಂಬಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷ ಕಳೆದಿರಬೇಕು. ಆ ಒಂದು ವರ್ಷ ಎಲ್ಲಿ ಅನ್ನೋದೇ ಈಗ ಮನೆಮನೆಯ ಜಗಳ.

ಹೈಸ್ಕೂಲಿನಿಂದ ಸೀದಾ ಎನ್‌ಬಿಎಗೆ ಹೋಗಿ ಗೆದ್ದವರ ಹೆಸರುಗಳು ಅಪ್ಪನ ಬಾಯಲ್ಲಿ ಸಿದ್ಧವಾಗಿದ್ದವು. 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್. ಕೋಬಿಯ ಅಪ್ಪ ತಾವೇ ಎನ್‌ಬಿಎ ಆಡಿದವರು, ಆ ಬದುಕು ಹೇಗಿರುತ್ತೆ ಅಂತ ಆ ಮನೆಗೆ ಗೊತ್ತಿತ್ತು ಅಂದೆ. 1998ರಲ್ಲಿ ಹೀಗೇ ಬಂದ ಕೊರ್ಲಿಯೋನ್ ಯಂಗ್ ಎನ್‌ಬಿಎಯಲ್ಲಿ ಆಡಿದ್ದು ಬರೀ ಮೂರು ಪಂದ್ಯ. ನಮ್ಮ ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ, ಕಾಲೇಜಿನಲ್ಲಿ ಆಡಿರಲಿಲ್ಲ. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಅಪ್ಪ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಬೇರೆಯವರ ಮಕ್ಕಳ ಲೆಕ್ಕ ಕೇಳಿ ಯಾರೂ ಒಪ್ಪಲ್ಲ.

ಮೂರನೇ ಭೇಟಿಯಲ್ಲಿ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿದೆ. ಹುಡುಗ ನೀರಿನ ಬಾಟಲಿ ತಿರುಗಿಸುತ್ತಾ ಸುಮ್ಮನೆ ಕೂತಿದ್ದ. ನಾನೂ ಏನೂ ಕೇಳಲಿಲ್ಲ. ಸುಮಾರು ಹೊತ್ತಾದ ಮೇಲೆ ತಾನೇ ಕೇಳಿದ: "ಸೋತ ದಿನ ನಾನು ಯಾರ ಜೊತೆ ಊಟ ಮಾಡೋದು?"

ಟ್ರಯಲ್‌ಗೆ ಅಂತ ಆ ಕ್ಲಬ್ಬಿಗೆ ಒಂದು ವಾರ ಹೋಗಿದ್ದನಂತೆ. ತಂಡದವರಲ್ಲಿ ಹೆಚ್ಚಿನವರಿಗೆ ಮೂವತ್ತರ ಆಸುಪಾಸು. ಒಳ್ಳೆಯವರೇ. ಆದರೆ ಪ್ರಾಕ್ಟೀಸ್ ಮುಗಿದ ಕೂಡಲೇ ಹೆಂಡತಿ ಮಕ್ಕಳ ಹತ್ತಿರ ಹೊರಟುಬಿಡುತ್ತಿದ್ದರು. ಇವನು ಐದು ರಾತ್ರಿ ಹೋಟೆಲ್ ರೂಮಿನಲ್ಲಿ ಒಬ್ಬನೇ ತಿಂದ. ಅಪ್ಪನಿಗೆ ಫೋನಿನಲ್ಲಿ "ಸೂಪರ್" ಅಂದ. ಇಲ್ಲಿ, ಹೈಸ್ಕೂಲ್ ತಂಡ ಸೋತ ರಾತ್ರಿ ಹುಡುಗರೆಲ್ಲ ಇವನ ಮನೆಗೇ ಬರುತ್ತಿದ್ದರು. ಅಮ್ಮ ಹತ್ತು ಹನ್ನೆರಡು ಜನಕ್ಕೆ ಚಿತ್ರಾನ್ನ ಕಲಸುತ್ತಿದ್ದರು.

ಈ ವರ್ಷ ಹೋಗಬೇಡ ಅಂತ ಹೇಳಿದೆ. ಇದು ಪುಕ್ಕಲುತನ ಅಲ್ಲ ಅಂತಲೂ ಹೇಳಿದೆ. ಆ ತಂಡದಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು, ಮೊದಲ ವರ್ಷ ಬೆಂಚಿನಲ್ಲೇ ಜಾಸ್ತಿ ಕೂರಬೇಕು. ಅದನ್ನು ತಡೆದುಕೊಳ್ಳೋಕೆ ಪಕ್ಕದಲ್ಲಿ ಒಬ್ಬರಾದರೂ ಬೇಕು. ಮೊದಲ ಆರು ತಿಂಗಳು ಜೊತೆಗಿರ್ತೀರಾ ಅಂತ ಅಪ್ಪನನ್ನು ಕೇಳಿದೆ. ಕೆಲಸ ಬಿಡೋಕಾಗಲ್ಲ ಅಂದರು. ಆಗುತ್ತೆ ಅಂದಿದ್ದರೆ, ವಕೀಲರಿಗೆ ಕರಾರು ತೋರಿಸಿ, ಗಾಯವಾದರೂ ಸಂಬಳ ನಿಲ್ಲಲ್ಲ ಅಂತ ಬರೆಸಿಕೊಂಡು ಕಳಿಸಿ ಅನ್ನುತ್ತಿದ್ದೆ.

ಡಿಗ್ರಿಯ ವ್ಯಾಮೋಹದಿಂದ ಹುಡುಗನ ಕನಸಿಗೆ ಅಡ್ಡ ಬಂದೆ ಅಂತ ಜೊತೆ ಕೆಲಸ ಮಾಡುವವರೊಬ್ಬರು ಅಂದರು. ನಾನು ಡಿಗ್ರಿಯ ಮಾತೇ ಎತ್ತಿಲ್ಲ. ಕಾಲೇಜಿನಲ್ಲಿ ಅವನ ವಯಸ್ಸಿನ ರೂಮ್‌ಮೇಟ್ ಇರ್ತಾನೆ, ಅಷ್ಟು ಸಾಕು ನನಗೆ. ಕಾಲೇಜು ಅಂದರೆ ಖಾಲಿ ಜೇಬು ಅನ್ನೋ ಕಾಲವೂ ಹೋಯಿತು. 2021ರ ಜುಲೈನಿಂದ ಕಾಲೇಜು ಆಟಗಾರರು ಜಾಹೀರಾತಿನಂಥವುಗಳಲ್ಲಿ ತಮ್ಮ ಹೆಸರಿನ ಮೇಲೆ ದುಡಿಯಬಹುದು. 2025ರಿಂದ ಕೆಲವು ಕಾಲೇಜುಗಳೇ ನೇರವಾಗಿ ದುಡ್ಡು ಕೊಡುತ್ತಿವೆ.

ಹುಡುಗ ಕಾಲೇಜು ಆರಿಸಿಕೊಂಡ. ಕೊನೆಯ ದಿನ ಬಾಗಿಲ ಹತ್ತಿರ ಅಪ್ಪ ನಿಂತು ಕೇಳಿದರು, "ಆ ಕರಾರು ಮತ್ತೆ ಬರದಿದ್ದರೆ?"

"ಬರದೇ ಇರಬಹುದು," ಅಂದೆ.