ಆನ್‌ಲೈನ್ ಮೀಟಿಂಗಿನಲ್ಲಿ ಇದ್ದೂ ಇಲ್ಲದವರಂತೆ ಕಾಣದಿರಲು ಏನು ಮಾಡಬೇಕು?

ಮನೆಯಿಂದಲೇ ಕೆಲಸ ಮಾಡುವ ನೀವು ವಿಡಿಯೊ ಮೀಟಿಂಗುಗಳಲ್ಲಿ "ಇದ್ದೂ ಇಲ್ಲದಂತೆ" ಇರುತ್ತೀರಿ ಎಂದು ಮ್ಯಾನೇಜರ್ ಹೇಳಿದ್ದಾರೆ, ಮೌಸನ್ನು ತಾನಾಗಿ ಅಲ್ಲಾಡಿಸುವ ಸಾಧನ ಕೊಂಡರೆ ಉಪಯೋಗವಾದೀತೇ ಎಂದು ಕೇಳಿದ್ದೀರಿ. ಆಗದು. ಕಚೇರಿಯ ಚಾಟ್ ಆ್ಯಪಿನಲ್ಲಿ ನೀವು ಕಂಪ್ಯೂಟರ್ ಮುಂದೆ ಇದ್ದೀರಿ ಎಂದು ತೋರಿಸುವ, ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೆ. ಮೀಟಿಂಗ್ ನಡೆಯುವಾಗ ಆ ಚುಕ್ಕೆ ಯಾರಿಗೆ ಬೇಕು? ಮೇಲಾಗಿ, ಕೀಬೋರ್ಡ್ ಬಳಸುತ್ತಿರುವಂತೆ ನಟಿಸಿದರೆಂಬ ಕಾರಣಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆದಿತ್ತು. ಆ ಹಣ ಉಳಿಸಿ ಒಳ್ಳೆಯ ಮೈಕ್ ಇರುವ ಹೆಡ್‌ಸೆಟ್ ಕೊಳ್ಳಿ.

ನಾನೂ ಬಹಳ ಕಾಲದಿಂದ ದೂರದಲ್ಲಿ ಕುಳಿತೇ ಕೆಲಸ ಮಾಡುವವನು. ನನ್ನ ಅನುಭವದಲ್ಲಿ ಮುಖಕ್ಕಿಂತ ಮಾತು ಮುಖ್ಯ. ಮೀಟಿಂಗ್ ಶುರುವಾದ ಐದು ನಿಮಿಷದೊಳಗೆ ಏನಾದರೂ ಒಂದು ಮಾತಾಡಿ. ತಡಮಾಡಿದಷ್ಟೂ ಬಾಯಿ ತೆರೆಯುವುದು ಕಷ್ಟವಾಗುತ್ತದೆ. ಅರ್ಧ ಗಂಟೆ ಸುಮ್ಮನಿದ್ದವರಿಗೆ ತಮ್ಮ ದನಿಯೇ ಅಪರಿಚಿತ ಎನಿಸುತ್ತದೆ. ಆದರೆ "ಸರಿ", "ಒಪ್ಪಿದೆ" ಎಂಬಂಥ ಮಾತುಗಳು ಲೆಕ್ಕಕ್ಕೆ ಬರುವುದಿಲ್ಲ. ಯಾರೋ "ಮುಂದಿನ ವಾರ ಸರ್ವರ್ ಬದಲಾಯಿಸುತ್ತೇವೆ" ಎಂದರು ಎನ್ನಿ. "ಶುಕ್ರವಾರ ಎಂದುಕೊಳ್ಳಲೇ? ಹಾಗಿದ್ದರೆ ಪರೀಕ್ಷೆ ಮಾಡುವ ತಂಡಕ್ಕೆ ಬುಧವಾರವೇ ತಿಳಿಸಬೇಕಾಗುತ್ತದೆ" ಎಂದು ನೀವು ಕೇಳಿದರೆ ಸಾಕು. ನೀವು ಕೇಳಿಸಿಕೊಳ್ಳುತ್ತಿದ್ದೀರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಚ್ಚಿನವರು ಎಡವುವುದು ಹೆಸರು ಹಿಡಿದು ಕರೆದ ಆ ಕ್ಷಣದಲ್ಲಿ. ಮ್ಯೂಟ್ ಗುಂಡಿ ಹುಡುಕುವಷ್ಟರಲ್ಲಿ ಮೂರು ಸೆಕೆಂಡ್ ಕಳೆದಿರುತ್ತದೆ, ಆಚೆ ಕಡೆಯವರು ನೀವು ಕುರ್ಚಿ ಬಿಟ್ಟು ಹೋಗಿದ್ದೀರಿ ಎಂದು ತೀರ್ಮಾನಿಸಿರುತ್ತಾರೆ. ಇದು ಬರೀ ಊಹೆಯಲ್ಲ. ಕರೆಯಲ್ಲಿ ದನಿ 1.2 ಸೆಕೆಂಡ್ ತಡವಾಗಿ ತಲುಪಿದರೂ ಜನ ಆಚೆಯವರಿಗೆ ಗಮನ ಕಡಿಮೆ, ಸ್ನೇಹಭಾವ ಕಡಿಮೆ ಎಂದು ಭಾವಿಸುತ್ತಾರೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ತಪ್ಪು ಜಾಲದ್ದು, ಅಪವಾದ ಮನುಷ್ಯನಿಗೆ! ಜೂಮ್‌ನಲ್ಲಿ ಮ್ಯೂಟ್ ಆಗಿರುವಾಗ ಸ್ಪೇಸ್ ಬಾರ್ ಒತ್ತಿ ಹಿಡಿದರೆ ಅಷ್ಟು ಹೊತ್ತು ಮೈಕ್ ತೆರೆದಿರುತ್ತದೆ. ವಿಂಡೋಸ್ ಕಂಪ್ಯೂಟರಿನ ಮೈಕ್ರೊಸಾಫ್ಟ್ ಟೀಮ್ಸ್‌ನಲ್ಲಿ ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಹಿಡಿಯಬೇಕು. ಇದನ್ನು ಬೆರಳಿಗೆ ರೂಢಿ ಮಾಡಿಸಿ. ಉತ್ತರ ತಕ್ಷಣ ಹೊಳೆಯದಿದ್ದರೆ ಮೊದಲು "ಹೇಳುತ್ತೇನೆ, ಒಂದು ಕ್ಷಣ" ಎನ್ನಿ, ಆಮೇಲೆ ಯೋಚಿಸಿ.

ಇನ್ನು ಮುಖದ ವಿಷಯ. ಎದುರೆದುರು ಕುಳಿತಾಗ ನಾವು ಹೂಂಗುಟ್ಟುತ್ತಲೇ ಇರುತ್ತೇವೆ, ಹೇಳುವವರಿಗೆ ಅದೇ ಆಸರೆ. ಮ್ಯೂಟ್ ಆದ ಮೈಕ್ ಮೊದಲು ನುಂಗುವುದು ಆ "ಹೂಂ" ಅನ್ನೇ. ಹಾಗಾಗಿ ತಲೆಯನ್ನು ತುಸು ಸ್ಪಷ್ಟವಾಗಿ ಆಡಿಸಬೇಕಾಗುತ್ತದೆ. ಅಂಚೆಚೀಟಿಯಷ್ಟು ಚಿತ್ರದಲ್ಲಿ ಸಣ್ಣ ಚಲನೆ ಕಾಣುವುದಿಲ್ಲ. ಬೆಳಕು ಮುಂದಿನಿಂದ ಬೀಳಲಿ. ಕಂಪ್ಯೂಟರಿನಲ್ಲಿ ಮೀಟಿಂಗ್ ಕಾಣುವ ವಿಂಡೊವನ್ನು ಕ್ಯಾಮೆರಾದ ಕೆಳಗೇ ಇಟ್ಟುಕೊಳ್ಳಿ, ಪಕ್ಕದ ಪರದೆಯಲ್ಲಿಟ್ಟರೆ ಎಷ್ಟೇ ಗಮನ ಕೊಟ್ಟರೂ ಬೇರೇನೋ ನೋಡುತ್ತಿರುವಂತೆ ಕಾಣುತ್ತೀರಿ. ತಲೆ ತಗ್ಗಿಸಿ ಬರೆದುಕೊಳ್ಳುವ ಅಭ್ಯಾಸವಿದ್ದರೆ ಮೊದಲೇ ಒಂದು ಮಾತು ಹೇಳಿಬಿಡಿ. ನಿಮ್ಮ ಚಿತ್ರ ನಿಮಗೇ ಕಾಣದಂತೆ ಮರೆಮಾಡುವ ಸೌಲಭ್ಯವನ್ನೂ ಬಳಸಿ, ಕನ್ನಡಿಯ ಮುಂದೆ ಕುಳಿತು ಯಾರ ಮಾತನ್ನೂ ಪೂರ್ತಿ ಕೇಳಲಾಗದು.

ದಿನವಿಡೀ ಕ್ಯಾಮೆರಾ ಹಚ್ಚಿಕೊಂಡೇ ಇರಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಕ್ಯಾಮೆರಾ ಇದ್ದ ದಿನಗಳಲ್ಲಿ ದಣಿವು ಹೆಚ್ಚು, ಮಹಿಳೆಯರಿಗೂ ಹೊಸಬರಿಗೂ ಇನ್ನೂ ಹೆಚ್ಚು, ದಣಿದವರು ಮೀಟಿಂಗಿನಲ್ಲಿ ಕಡಿಮೆ ಮಾತಾಡುತ್ತಾರೆ ಎಂದು 2021ರ ಒಂದು ಸಂಶೋಧನೆ ಕಂಡುಕೊಂಡಿದೆ. ಮುಖ ತೋರಿಸಲು ಹೋಗಿ ಮಾತು ಕಳೆದುಕೊಂಡರೆ ನಷ್ಟ ಯಾರಿಗೆ? ಶುರುವಿನಲ್ಲಿ, ನೀವು ಮಾತಾಡುವಾಗ, ಚರ್ಚೆ ಬಿಸಿಯಾದಾಗ ಹಚ್ಚಿ. ಯಾರೋ ನಲವತ್ತು ಸ್ಲೈಡ್ ತೋರಿಸುತ್ತಿದ್ದರೆ "ವಿಡಿಯೊ ನಿಲ್ಲಿಸುತ್ತೇನೆ, ಕೇಳುತ್ತಿದ್ದೇನೆ" ಎಂದು ಚಾಟ್‌ನಲ್ಲಿ ಬರೆದು ಆರಿಸಿ. ಕಚೇರಿಯ ನಿಯಮ ಕಡ್ಡಾಯವೆಂದರೆ ಮಾತ್ರ ಬೇರೆ ದಾರಿಯಿಲ್ಲ.

ಮಾತಾಡಲು ಸಂಕೋಚವೇ ನಿಮ್ಮ ತೊಂದರೆಯಾಗಿದ್ದರೆ, ಟಿಪ್ಪಣಿ ಬರೆಯುವ ಕೆಲಸವನ್ನು ಕೇಳಿ ಪಡೆಯಿರಿ. ಯಾರಿಗೂ ಬೇಡದ ಕೆಲಸವಾದ್ದರಿಂದ ಪೈಪೋಟಿ ಇರುವುದಿಲ್ಲ. ಯಾರು, ಏನು, ಯಾವಾಗಿನೊಳಗೆ ಎಂಬಷ್ಟನ್ನೇ ಬರೆದು, ಮೀಟಿಂಗ್ ಮುಗಿದ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಕಳಿಸಿ. ಬರೆಯುವವರಿಗೆ ನಡುವೆ ತಡೆದು "ಇದು ಯಾರ ಹೊಣೆ?" ಎಂದು ಕೇಳುವ ಹಕ್ಕು ತಾನಾಗಿ ಬರುತ್ತದೆ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಇಷ್ಟಾದರೂ ಯಾವುದಾದರೂ ಮೀಟಿಂಗಿನಲ್ಲಿ ನಿಮಗೆ ಹೇಳುವುದೂ ಕೇಳುವುದೂ ಏನೂ ಇಲ್ಲವೆಂದರೆ, ಅಲ್ಲಿ ಸಕ್ರಿಯವಾಗಿ ಕಾಣಲು ಒದ್ದಾಡಬೇಡಿ. "ನನ್ನ ಭಾಗ ಮೊದಲ ಹತ್ತು ನಿಮಿಷದಲ್ಲಿ ಮುಗಿಸಿ ಹೊರಡಬಹುದೇ?" ಎಂದು ಮ್ಯಾನೇಜರ್ ಬಳಿ ಮುಂಚಿತವಾಗಿಯೇ ಕೇಳಿ.