ಬಾನಿ, ಕ್ಲೈಡ್ ಮತ್ತು ಅದೇ ಕಾರಿನಲ್ಲಿದ್ದ ಉಳಿದವರು

1967ರ ಅಮೆರಿಕನ್ ಚಿತ್ರ ‘ಬಾನಿ ಅಂಡ್ ಕ್ಲೈಡ್’ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಆರ್ಥಿಕ ಕುಸಿತದ 1930ರ ದಶಕದಲ್ಲಿ ಊರಿಂದೂರಿಗೆ ಕಾರಿನಲ್ಲಿ ತಲೆತಪ್ಪಿಸಿಕೊಂಡು ತಿರುಗಿದ ದರೋಡೆಕೋರ ಜೋಡಿಯ ಕಥೆಯಿದು. ನಿರ್ದೇಶಕ ಆರ್ಥರ್ ಪೆನ್. ಕ್ಲೈಡ್ ಆಗಿ ವಾರೆನ್ ಬೇಟಿ, ಬಾನಿಯಾಗಿ ಫೇ ಡನವೇ ನಟಿಸಿದ್ದಾರೆ. ಕೊನೆಯ ದೃಶ್ಯವನ್ನೂ ಬಿಡಿಸಿ ಹೇಳಿದ್ದೇವೆ, ಚಿತ್ರ ನೋಡದವರು ನೋಡಿಕೊಂಡು ಬಂದು ಓದಿ.

ಪ್ರಶ್ನೆ: ಈ ಚಿತ್ರದ ಮಾತು ಬಂದರೆ ವಾರೆನ್ ಬೇಟಿ, ಫೇ ಡನವೇ ಹೆಸರು ಮಾತ್ರ ಕೇಳಿಬರುತ್ತದೆ. ಉಳಿದ ಕಲಾವಿದರಲ್ಲಿ ಯಾರನ್ನು ಗಮನಿಸಬೇಕು? (ಧಾರವಾಡದಿಂದ)

ಗ್ಯಾಂಗಿನಲ್ಲಿ ಐವರು. ಐವರನ್ನು ಆಡಿದ ಐದೂ ಕಲಾವಿದರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಗೆದ್ದದ್ದು ಎಸ್ಟೆಲ್ ಪಾರ್ಸನ್ಸ್ ಒಬ್ಬರೇ. ಕ್ಲೈಡ್‌ನ ಅತ್ತಿಗೆ ಬ್ಲಾಂಚ್ ಪಾತ್ರಕ್ಕೆ ಅವರಿಗೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಬಂತು. ಪೊಲೀಸರು ಮನೆ ಸುತ್ತುವರಿದಾಗ ಬ್ಲಾಂಚ್ ಅಡುಗೆಮನೆಯ ಮಗುಚುವ ಕೈ ಹಿಡಿದುಕೊಂಡೇ ಕಿರುಚುತ್ತ ಬೀದಿಗೆ ಓಡುತ್ತಾಳೆ. ಮೊದಲ ಸಲ ನೋಡಿದಾಗ ಆ ಕಿರುಚಾಟಕ್ಕೆ ಕಿರಿಕಿರಿಯಾಗಬಹುದು. ಎರಡನೇ ಸಲ ನೋಡಿ: ಗುಂಡು ಹಾರುವಾಗ ಸಹಜವಾಗಿ ನಡೆದುಕೊಳ್ಳುವವಳು ಇಡೀ ಗುಂಪಿನಲ್ಲಿ ಇವಳೊಬ್ಬಳೇ. ಮುಂದೆ ಕಣ್ಣಿಗೆ ಬ್ಯಾಂಡೇಜು ಕಟ್ಟಿಸಿಕೊಂಡು ಕೂತ ಇವಳ ಬಾಯಿಂದ, ಗ್ಯಾಂಗನ್ನು ಬೆನ್ನಟ್ಟಿರುವ ಅಧಿಕಾರಿ ಹೇಮರ್ ಗ್ಯಾಂಗಿನವನೊಬ್ಬನ ಹೆಸರು ಹೊರಡಿಸುತ್ತಾನೆ, ಸದ್ದಿಲ್ಲದೆ ಎದ್ದು ಹೋಗುತ್ತಾನೆ. ಎದುರಿಗೆ ಯಾರೂ ಇಲ್ಲವೆಂದು ತಿಳಿಯದೆ ಅವಳು ಮಾತಾಡುತ್ತಲೇ ಇರುತ್ತಾಳೆ.

ಕ್ಲೈಡ್‌ನ ಅಣ್ಣ ಬಕ್ ಆಗಿರುವವರು ಜೀನ್ ಹ್ಯಾಕ್‌ಮನ್. ‘ಲಿಲಿತ್’ ಚಿತ್ರದಲ್ಲಿ ಬೇಟಿ ಜೊತೆ ಪುಟ್ಟ ಪಾತ್ರ ಮಾಡಿದ್ದವರು, ಅದರ ನೆನಪಿನಿಂದಲೇ ಇಲ್ಲಿಗೆ ಬಂದರು. ಅಣ್ಣತಮ್ಮ ಮೊದಲ ಬಾರಿ ಭೇಟಿಯಾಗುವ ದೃಶ್ಯದಲ್ಲಿ ಇಬ್ಬರೂ ಬೆನ್ನು ತಟ್ಟಿಕೊಂಡು ಜೋರಾಗಿ ನಗುತ್ತಾರೆ. ಆಮೇಲೆ ಮಾತು ಮುಗಿದುಹೋಗುತ್ತದೆ. ಈಗ ಏನು ಮಾಡೋಣ ಎಂದು ಬಕ್ ಕೇಳುವ ಮುನ್ನ ಬರುವ ಆ ಖಾಲಿ ಕ್ಷಣವನ್ನು ತಪ್ಪಿಸಿಕೊಳ್ಳಬೇಡಿ. ಹ್ಯಾಕ್‌ಮನ್ ಎಂಥ ನಟ ಎಂದು ತಿಳಿಯಲು ಅಷ್ಟು ಸಾಕು.

ಚಾಲಕ ಸಿ.ಡಬ್ಲ್ಯು. ಮಾಸ್ ಪಾತ್ರದಲ್ಲಿ ಮೈಕಲ್ ಜೆ. ಪೊಲಾರ್ಡ್ ಇದ್ದಾರೆ. ಒಳಗೆ ಬ್ಯಾಂಕ್ ದರೋಡೆ ನಡೆಯುತ್ತಿರುವಾಗ ಈ ಹುಡುಗ ಜಾಗ ಸಿಕ್ಕಿತೆಂದು ಎರಡು ಕಾರುಗಳ ನಡುವೆ ನೀಟಾಗಿ ಪಾರ್ಕ್ ಮಾಡಿಬಿಡುತ್ತಾನೆ! ಹೊರಗೆ ಬಂದವರು ಹತ್ತಿ ಕೂತರೂ ಕಾರು ಹೊರಬರುವುದಿಲ್ಲ, ಹಿಂದೆ ಮುಂದೆ ಗುದ್ದಾಡುತ್ತದೆ. ಚಿತ್ರಮಂದಿರವೆಲ್ಲ ನಗುತ್ತಿರುವಾಗಲೇ ಬ್ಯಾಂಕಿನವನೊಬ್ಬ ಕಾರಿನ ಪಕ್ಕದ ಮೆಟ್ಟಿಲ ಮೇಲೆ ನೆಗೆಯುತ್ತಾನೆ, ಕ್ಲೈಡ್ ಗಾಜಿನ ಮೂಲಕ ಅವನ ಮುಖಕ್ಕೆ ಗುಂಡು ಹೊಡೆಯುತ್ತಾನೆ. ಇಡೀ ಚಿತ್ರಕ್ಕೆ ಕೀಲಿಕೈ ಈ ದೃಶ್ಯ. ಹಳೆಯ ಹಾಲಿವುಡ್ ಪದ್ಧತಿಯಲ್ಲಿ ಬಂದೂಕು ಹಾರುವುದು ಒಂದು ಶಾಟ್, ಗುಂಡು ತಗುಲಿದವನು ಬೀಳುವುದು ಇನ್ನೊಂದು ಶಾಟ್. ಪೆನ್ ಎರಡನ್ನೂ ಒಂದೇ ಚೌಕಟ್ಟಿಗೆ ತಂದರು. ನಗು ಗಂಟಲಲ್ಲೇ ನಿಲ್ಲುವುದು ಅದಕ್ಕೇ.

ಇನ್ನು ಜೀನ್ ವೈಲ್ಡರ್. ಇದು ಅವರ ಮೊದಲ ಚಿತ್ರ, ತೆರೆಯ ಮೇಲೆ ಇರುವುದು ಕೆಲವೇ ನಿಮಿಷ. ಗ್ಯಾಂಗು ಅವನನ್ನೂ ಅವನ ಗೆಳತಿಯನ್ನೂ ಕಾರಿಗೆ ಹತ್ತಿಸಿಕೊಂಡು ಹರಟೆ ಹೊಡೆಯುತ್ತ ಹೋಗುತ್ತದೆ. ನಿನ್ನ ಕಸುಬೇನು ಎಂದು ಬಾನಿ ಕೇಳುತ್ತಾಳೆ, ಶವಸಂಸ್ಕಾರ ಮಾಡಿಸುವ ಕೆಲಸ ಎನ್ನುತ್ತಾನೆ. ಮರುಕ್ಷಣವೇ ಇಬ್ಬರನ್ನೂ ಕಾರಿನಿಂದ ಇಳಿಸಿಬಿಡುತ್ತಾರೆ. ಆ ಹೊತ್ತಿಗೆ ಡನವೇ ಮುಖ ನೋಡಿ. ಸಾವು ಬರಲಿದೆ ಎಂದು ಬಾನಿಗೆ ಗೊತ್ತಾಗುವುದು ಅಲ್ಲೇ.

ಪ್ರಶ್ನೆ: ಚಿತ್ರದಲ್ಲಿರುವುದರಲ್ಲಿ ನಿಜವೆಷ್ಟು? (ತುಮಕೂರಿನಿಂದ)

ಹೆಸರು, ಕಾಲ, ಸಾವು ನಿಜ. ಬಾನಿ ಪಾರ್ಕರ್ ಹುಟ್ಟಿದ್ದು 1910ರಲ್ಲಿ, ಕ್ಲೈಡ್ ಬ್ಯಾರೋ 1909ರಲ್ಲಿ, ಇಬ್ಬರೂ ಟೆಕ್ಸಸ್‌ನವರು. 1934ರ ಮೇ 23ರ ಬೆಳಿಗ್ಗೆ ಲೂಯಿಸಿಯಾನದ ಹಳ್ಳಿರಸ್ತೆಯೊಂದರಲ್ಲಿ ಆರು ಅಧಿಕಾರಿಗಳು ಹೊಂಚು ಹಾಕಿ ಕೊಂದರು. ಆಗ ಅವಳಿಗೆ 23, ಅವನಿಗೆ 25.

ಸಿ.ಡಬ್ಲ್ಯು. ಮಾಸ್ ಎಂಬ ವ್ಯಕ್ತಿ ಇರಲಿಲ್ಲ. ಡಬ್ಲ್ಯು.ಡಿ. ಜೋನ್ಸ್ ಮತ್ತು ಹೆನ್ರಿ ಮೆತ್ವಿನ್ ಎಂಬ ಇಬ್ಬರನ್ನು ಸೇರಿಸಿ ಕಟ್ಟಿದ ಪಾತ್ರ ಅದು. ನಿಜದ ಗ್ಯಾಂಗು ದೋಚಿದ್ದು ಬ್ಯಾಂಕುಗಳಿಗಿಂತ ಹೆಚ್ಚಾಗಿ ಸಣ್ಣ ಅಂಗಡಿಗಳನ್ನು, ಪೆಟ್ರೋಲ್ ಬಂಕುಗಳನ್ನು. ಬಡವರ ಪರ ಎಂಬ ಬಣ್ಣ ಚಿತ್ರದವರು ಬಳಿದದ್ದು. ಬಾನಿಯ ಬಾಯಲ್ಲಿ ಚುಟ್ಟಾ, ಕೈಯಲ್ಲಿ ಬಂದೂಕು ಇರುವ ಫೋಟೊ ಅಸಲಿಯೇ, ಆದರೆ ತಮಾಷೆಗೆ ತೆಗೆಸಿಕೊಂಡದ್ದು. 1933ರ ಏಪ್ರಿಲ್‌ನಲ್ಲಿ ಮಿಸೌರಿಯ ಜಾಪ್ಲಿನ್‌ನಲ್ಲಿ ಮನೆ ಬಿಟ್ಟು ಓಡುವಾಗ ತೊಳೆಯದೆ ಉಳಿದಿದ್ದ ಫಿಲ್ಮ್ ರೋಲುಗಳು ಪೊಲೀಸರ ಕೈಗೆ ಸಿಕ್ಕವು, ಪತ್ರಿಕೆಗಳು ಅವನ್ನು ಅಚ್ಚುಹಾಕಿದವು.

ಚಿತ್ರ ಬಿಟ್ಟದ್ದು ಇನ್ನೂ ದೊಡ್ಡದು. 1933ರ ಜೂನ್‌ನಲ್ಲಿ ಕಾರು ಹಳ್ಳಕ್ಕೆ ಉರುಳಿ ಬಾನಿಯ ಕಾಲು ಸುಟ್ಟುಹೋಯಿತು. ಅಲ್ಲಿಂದಾಚೆ ಅವಳಿಗೆ ನೆಟ್ಟಗೆ ನಡೆಯಲು ಆಗುತ್ತಿರಲಿಲ್ಲ, ಕ್ಲೈಡ್ ಎಷ್ಟೋ ಸಲ ಎತ್ತಿಕೊಂಡೇ ಓಡಾಡುತ್ತಿದ್ದ. ತೆರೆಯ ಮೇಲಿನ ಬಾನಿ ಕೊನೆವರೆಗೂ ಚೆಲುವಾಗಿ ನಡೆಯುತ್ತಾಳೆ. ಈಸ್ಟ್‌ಹ್ಯಾಮ್ ಜೈಲಿನಲ್ಲಿ ಕ್ಲೈಡ್ ಕಂಡ ಕ್ರೌರ್ಯ, 1934ರ ಜನವರಿಯಲ್ಲಿ ಅದೇ ಜೈಲಿನ ಕೈದಿಗಳನ್ನು ಅವನು ಬಿಡಿಸಿಕೊಂಡು ಹೋದದ್ದು, ಇವಕ್ಕೂ ಜಾಗವಿಲ್ಲ. ದುಡಿಮೆ ತಪ್ಪಿಸಿಕೊಳ್ಳಲು ಕಾಲ್ಬೆರಳು ಕತ್ತರಿಸಿಕೊಂಡ ಮಾತು ಮಾತ್ರ ಬಂದು ಹೋಗುತ್ತದೆ, ಅದು ನಿಜ.

ತೀರಾ ಅನ್ಯಾಯವಾದದ್ದು ಫ್ರಾಂಕ್ ಹೇಮರ್‌ಗೆ. ಚಿತ್ರದಲ್ಲಿ ಗ್ಯಾಂಗು ಅವನನ್ನು ಹಿಡಿದು, ಫೋಟೊ ತೆಗೆಸಿ, ಅವಮಾನ ಮಾಡಿ, ದೋಣಿಯಲ್ಲಿ ತೇಲಿಬಿಡುತ್ತದೆ. ಹೊಂಚಿನ ದಿನಕ್ಕೆ ಮುಂಚೆ ನಿಜದ ಹೇಮರ್ ಅವರನ್ನು ಎದುರುಬದುರು ಕಂಡದ್ದೇ ಇಲ್ಲ. ಅವನ ಹೆಂಡತಿ, ಮಗ ಕೋರ್ಟಿಗೆ ಹೋದರು, 1971ರಲ್ಲಿ ರಾಜಿಯಾಯಿತು. ಡೆನ್ವರ್ ಪೈಲ್ ಆ ಪಾತ್ರವನ್ನು ಎಷ್ಟೇ ಚೆನ್ನಾಗಿ ಮಾಡಿದ್ದರೂ, ಸೇಡಿಗಾಗಿ ಕೊಂದ ಎಂಬ ಕಳಂಕ ಒಬ್ಬ ನಿಜವಾದ ಮನುಷ್ಯನಿಗೆ ಅಂಟಿತು. ಅದನ್ನು ಮರೆತು ಈ ಚಿತ್ರವನ್ನು ಹೊಗಳುವುದು ಸರಿಯಲ್ಲ.

ಪ್ರಶ್ನೆ: ಇದನ್ನು ಪ್ರೇಮಕಥೆ ಎನ್ನಬಹುದೇ? ಕ್ಲೈಡ್ ಅವಳನ್ನು ಹತ್ತಿರ ಸೇರಿಸುವುದೇ ಇಲ್ಲವಲ್ಲ. (ಮೈಸೂರಿನಿಂದ)

ಖಂಡಿತ ಎನ್ನಬಹುದು. ಡೇವಿಡ್ ನ್ಯೂಮನ್, ರಾಬರ್ಟ್ ಬೆಂಟನ್ ಬರೆದ ಮೊದಲ ಚಿತ್ರಕಥೆಯಲ್ಲಿ ಬಾನಿ, ಕ್ಲೈಡ್ ಮತ್ತು ಚಾಲಕ ಮೂವರ ಸಂಬಂಧವಿತ್ತು. ಅದನ್ನು ತೆಗೆದು ಕ್ಲೈಡ್‌ಗೆ ಆ ವಿಷಯದಲ್ಲಿ ಅಸಾಮರ್ಥ್ಯವಿದೆ ಎಂದು ಬದಲಿಸಿದರು. ಇದರಿಂದ ಚಿತ್ರಕ್ಕೆ ಲಾಭವೇ ಆಯಿತು. ಬಂದೂಕು ತೋರಿಸಿ ಹುಡುಗಿಯನ್ನು ಮರುಳುಮಾಡಿದವನಿಗೆ ಅವಳೆದುರು ಆ ಬಂದೂಕಿನ ಆಚೆ ಏನೂ ಇಲ್ಲ. ಬಾನಿ ಬರೆದ ಪದ್ಯ ಪತ್ರಿಕೆಯಲ್ಲಿ ಅಚ್ಚಾದ ಮೇಲಷ್ಟೇ ಅವನು ಅವಳನ್ನು ಕೂಡುತ್ತಾನೆ. ತನ್ನ ಕಥೆಯನ್ನು ಯಾರೋ ಹೇಳಿದರು ಎಂಬುದೇ ಅವನಿಗೆ ಬಲ.

ಬಾನಿ ತಾಯಿಯನ್ನು ಕಾಣುವ ದೃಶ್ಯವನ್ನೂ ಇದರ ಜೊತೆಗಿಟ್ಟು ನೋಡಿ. ನಿಮ್ಮ ಮನೆಯಿಂದ ಮೂರು ಮೈಲಿಯೊಳಗೇ ಇರುತ್ತೇವೆ ಎಂಬ ಮಾತಿಗೆ, ಹಾಗೆ ಮಾಡಿದರೆ ನೀವು ಉಳಿಯುವುದಿಲ್ಲ, ಓಡುತ್ತಲೇ ಇರಬೇಕು ಎಂದು ತಾಯಿ ಸಮಾಧಾನವಾಗಿಯೇ ಹೇಳುತ್ತಾಳೆ. ಆ ತಾಯಿಯಾಗಿ ನಟಿಸಿದವರು ಅದೇ ಸೀಮೆಯ ಶಾಲಾ ಶಿಕ್ಷಕಿ, ವೃತ್ತಿನಟಿ ಅಲ್ಲ.

ಪ್ರಶ್ನೆ: ನಾವು ಕಿರುಚಿತ್ರ ಮಾಡುತ್ತಿದ್ದೇವೆ. ಕೊನೆಯ ಗುಂಡಿನ ದೃಶ್ಯದಂಥ ಪರಿಣಾಮ ತರಲು ಹೋದಾಗ ಬರೀ ಸ್ಲೋ ಮೋಷನ್ ಹಾಡಿನಂತಾಯಿತು. ಎಲ್ಲಿ ತಪ್ಪಿದ್ದೇವೆ? (ಮಂಗಳೂರಿನಿಂದ)

ಬಹುಶಃ ಒಂದೇ ವೇಗದಲ್ಲಿ ಚಿತ್ರೀಕರಿಸಿ ಎಲ್ಲವನ್ನೂ ನಿಧಾನ ಮಾಡಿದ್ದೀರಿ. ಪೆನ್ ಒಂದೇ ಕ್ರಿಯೆಯನ್ನು ನಾಲ್ಕು ಕ್ಯಾಮೆರಾಗಳಿಂದ ಒಮ್ಮೆಗೇ ಸೆರೆಹಿಡಿದರು, ಒಂದೊಂದರ ವೇಗವೂ ಬೇರೆ. ಸಂಕಲನಕಾರ್ತಿ ಡೀಡಿ ಅಲೆನ್ ಆ ನಾಲ್ಕರಿಂದ ಚೂರು ಚೂರು ಆಯ್ದು ಹೆಣೆದರು. ಒಂದು ಚೂರಿನಲ್ಲಿ ದೇಹ ನೀರಿನಲ್ಲಿದ್ದಂತೆ ಹೊರಳುತ್ತದೆ, ಮುಂದಿನದರಲ್ಲಿ ಝಟ್ಟನೆ ಅದುರುತ್ತದೆ. ಈ ಎರಡರ ತಿಕ್ಕಾಟವೇ ದೃಶ್ಯದ ಜೀವ.

ಸೆಕೆಂಡಿಗೆ 24, 48, 96 ಫ್ರೇಮ್, ಮೂರು ಕ್ಯಾಮೆರಾ ಸಾಕು. 24ರಲ್ಲೇ ಪ್ರದರ್ಶಿಸಿದರೆ 2 ಸೆಕೆಂಡಿನ ಕ್ರಿಯೆ ಕ್ರಮವಾಗಿ 2, 4, 8 ಸೆಕೆಂಡಾಗುತ್ತದೆ. ಮೂರನ್ನೂ ಒತ್ತೊತ್ತಾಗಿಟ್ಟು ಬೇರೆ ಬೇರೆ ಲೆನ್ಸ್ ಹಾಕಿ. ಬೆಳಕಿನ ಲೆಕ್ಕ ಮರೆಯಬೇಡಿ, ಹೆಚ್ಚಿನವರು ಸೋಲುವುದು ಇಲ್ಲೇ. 24ರಲ್ಲಿ ಶಟರ್ 1/48 ಸೆಕೆಂಡ್ ತೆರೆದಿದ್ದರೆ 96ರಲ್ಲಿ 1/192 ಮಾತ್ರ, ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. 24ರ ಕ್ಯಾಮೆರಾದಲ್ಲಿ ಲೆನ್ಸಿನ ದ್ವಾರ (ಅಪರ್ಚರ್) ಎಫ್/8 ಆದರೆ 48ರದ್ದು ಎಫ್/5.6, 96ರದ್ದು ಎಫ್/4 ಇರಲಿ; ಅಂಕಿ ಇಳಿದಷ್ಟೂ ದ್ವಾರ ದೊಡ್ಡದು. ಬಿಸಿಲಲ್ಲೇ ಮಾಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಸಾಮಾನ್ಯ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಒಳಾಂಗಣದಲ್ಲಿ 96 ಇಟ್ಟರೆ ಚಿತ್ರ ಮಿಣುಕುತ್ತದೆ. 24ರಲ್ಲಿ ತೆಗೆದದ್ದನ್ನು ಸಾಫ್ಟ್‌ವೇರಿನಲ್ಲಿ ಎಳೆದು ನಿಧಾನ ಮಾಡಿದರೆ ಕೈಕಾಲಿನ ಅಂಚು ಕಲಸಿಹೋಗುತ್ತದೆ, ಅದು ಬೇಡ.

ಸಂಕಲನದಲ್ಲಿ ನಿಧಾನದ ಒಂದು ಶಾಟನ್ನೂ ಪೂರ್ತಿ ಬಿಡಬೇಡಿ. 12ರಿಂದ 20 ಫ್ರೇಮಿಗೇ ಕತ್ತರಿಸಿ, ವೇಗದ ಶಾಟಿಗೆ ಹೋಗಿ, ಮತ್ತೆ ಮರಳಿ. ಕಾಲ ಸ್ವಲ್ಪ ಹಿಂದೆ ಜಾರಿದರೂ ಪರವಾಗಿಲ್ಲ. ಗುಂಡಿನ ಸದ್ದು ಮಾತ್ರ ಎಲ್ಲ ಕಟ್‌ಗಳ ಮೇಲೂ ನಿಜವೇಗದಲ್ಲಿ ಎಡೆಬಿಡದೆ ಓಡಲಿ, ಚೂರುಗಳನ್ನು ಹಿಡಿದಿಡುವ ದಾರ ಅದೇ. ಸದ್ದನ್ನೂ ನಿಧಾನ ಮಾಡಿ ಮೇಲೆ ಸಂಗೀತ ಹಾಕಿದ್ದರಿಂದಲೇ ನಿಮ್ಮದು ಹಾಡಿನಂತಾಗಿರಬೇಕು. ಮೂಲದಲ್ಲಿ ಗುಂಡು ಹಾರುವಾಗ ಸಂಗೀತವೇ ಇಲ್ಲ.

ಅದಕ್ಕೂ ಮುಖ್ಯವಾದದ್ದು ಗುಂಡಿಗೆ ಮುಂಚಿನ ಕ್ಷಣ. ಪೊದೆಯಿಂದ ಹಕ್ಕಿಗಳು ಪುರ್ರನೆ ಹಾರುತ್ತವೆ. ಕಾರಿನೊಳಗಿರುವ ಬಾನಿ, ಹೊರಗೆ ನಿಂತ ಕ್ಲೈಡ್ ಒಬ್ಬರನ್ನೊಬ್ಬರು ನೋಡುತ್ತಾರೆ. ಪುಟ್ಟ ಪುಟ್ಟ ಮುಖದ ಶಾಟುಗಳು, ಅಷ್ಟೇ. ಆ ನೋಟ ಇಲ್ಲದಿದ್ದರೆ ಉಳಿದದ್ದು ಬರೀ ರಕ್ತ.

ಚಿತ್ರದವರು ಬಟ್ಟೆಯೊಳಗೆ, ಕಾರಿನ ಮೈಯಲ್ಲಿ ಸಣ್ಣ ಸಿಡಿಮದ್ದುಗಳನ್ನು ತಂತಿ ಕಟ್ಟಿ ಸಿಡಿಸಿದರು. ನೀವು ಅದಕ್ಕೆ ಕೈ ಹಾಕಬೇಡಿ, ಅದು ಪರವಾನಗಿ ಇರುವ ತಂತ್ರಜ್ಞರ ಕೆಲಸ. ಬಟ್ಟೆಯನ್ನು ಒಳಗಿನಿಂದ ಬ್ಲೇಡಿನಲ್ಲಿ ಅಡ್ಡಡ್ಡ ಗೀರಿ, ಮರಳುಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಿ. ಸಪೂರ ಪ್ಲಾಸ್ಟಿಕ್ ಕೊಳವೆಯ ಬಾಯನ್ನು ಅದರ ಹಿಂದೆ ಅಂಟಿಸಿ, ಒಂದೆರಡು ಚಮಚ ಬಣ್ಣದ ನೀರು ತುಂಬಿ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಒಮ್ಮೆ ಗಾಳಿ ಒತ್ತಿ. ಬಟ್ಟೆ ಹರಿಯದೆ ಬರೀ ಒದ್ದೆಯಾದರೆ ಗೀರು ಸಾಲದು ಎಂದರ್ಥ. ಕೊಳವೆಯ ಬಾಯಿ ಮುಖದ ಕಡೆ ತಿರುಗಿರಬಾರದು. ಆಟಿಕೆ ಬಂದೂಕೇ ಆದರೂ ರಸ್ತೆಯಲ್ಲಿ ಚಿತ್ರೀಕರಿಸುವ ಮುನ್ನ ಸ್ಥಳೀಯ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಿ.

ಇನ್ನೊಂದು ಮಾತು ಹೇಳಲೇಬೇಕು. ಈ ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನ ಬಂದವು, ಛಾಯಾಗ್ರಹಣಕ್ಕೆ ಬರ್ನೆಟ್ ಗಫಿ ಗೆದ್ದರು. ಸಂಕಲನ ವಿಭಾಗದಲ್ಲಿ ಡೀಡಿ ಅಲೆನ್ ಹೆಸರು ನಾಮನಿರ್ದೇಶನದಲ್ಲೂ ಇರಲಿಲ್ಲ. ಇಂದಿಗೂ ಒಪ್ಪಲಾಗದ ತಪ್ಪು ಅದು.

ಪ್ರಶ್ನೆ: ಮನೆಯಲ್ಲಿ ನೋಡುವಾಗ ಮಾತು ಕೇಳಿಸುವುದಿಲ್ಲ, ಗುಂಡಿನ ಸದ್ದು ಕಿವಿಗೆ ಬಡಿಯುತ್ತದೆ. ಪ್ರತಿಯೇ ಸರಿಯಿಲ್ಲವೇ? ಹೈಸ್ಕೂಲ್ ಮಕ್ಕಳ ಜೊತೆ ನೋಡಬಹುದೇ? (ಹಾಸನದಿಂದ)

ಪ್ರತಿ ಸರಿಯಾಗಿಯೇ ಇದೆ. ಗುಂಡಿನ ಸದ್ದು ಮಾತಿಗಿಂತ ಜೋರಾಗಿರಲಿ ಎಂದು ನಿರ್ಮಾಪಕರೂ ಆಗಿದ್ದ ಬೇಟಿ ಬೇಕೆಂದೇ ಹಾಗೆ ಮಾಡಿಸಿದ್ದರು. ಲಂಡನ್ನಿನ ಪ್ರದರ್ಶನವೊಂದರಲ್ಲಿ ಪ್ರೊಜೆಕ್ಟರ್ ನಡೆಸುವವನು ಇದು ಫಿಲ್ಮ್ ಪ್ರತಿಯ ದೋಷವೆಂದು ತಿಳಿದು, ಎಲ್ಲೆಲ್ಲಿ ಸದ್ದು ತಗ್ಗಿಸಬೇಕೆಂದು ಪಟ್ಟಿ ಮಾಡಿಕೊಂಡು ತಗ್ಗಿಸಿದನಂತೆ. ಟಿವಿಯಲ್ಲಿ ರಾತ್ರಿ ಮೋಡ್, ಸದ್ದು ಸಮ ಮಾಡುವ ಆಯ್ಕೆ ಇದ್ದರೆ ಆರಿಸಿ. ಮಾತು ಕೇಳುವಷ್ಟಕ್ಕೆ ವಾಲ್ಯೂಮ್ ಇಟ್ಟು ಆಮೇಲೆ ಮುಟ್ಟಬೇಡಿ. ಚಲನೆಯನ್ನು ನಯಗೊಳಿಸುವ ಸೆಟಿಂಗ್ ಕೂಡ ಆಫ್ ಇರಲಿ. ಅದು ಫ್ರೇಮುಗಳ ನಡುವೆ ತನ್ನದೇ ಚಿತ್ರಗಳನ್ನು ತುರುಕಿ, ಕೊನೆಯ ದೃಶ್ಯದ ನಾಲ್ಕು ವೇಗಗಳ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ.

ಮಕ್ಕಳ ವಿಷಯ: ಚಿತ್ರ 111 ನಿಮಿಷದ್ದು. ಮುಖಕ್ಕೆ ಗುಂಡು, ಅಣ್ಣನ ನರಳಾಟದ ಸಾವು, ಹಾಸಿಗೆಯ ದೃಶ್ಯಗಳು ಇವೆ. ಹದಿನಾರರ ಕೆಳಗಿನವರಿಗೆ ಬೇಡ. ದೊಡ್ಡವರಾದರೆ ಜೊತೆಯಲ್ಲೇ ಕೂತು ನೋಡಿ, ಪಾರ್ಕಿಂಗ್ ದೃಶ್ಯ ಮುಗಿದಲ್ಲಿ ಒಂದು ನಿಮಿಷ ನಿಲ್ಲಿಸಿ, ಈಗ ತಾನೇ ಯಾಕೆ ನಕ್ಕಿದ್ದೆವು ಎಂದು ಅವರನ್ನು ಕೇಳಿ.